ಉತ್ತರದಾತ ಹದಿನಾಲ್ಕು

ಮನೆ,
ಗುರುವಾರ ಬೆಳಗ್ಗೆ

ಪ್ರೀತಿಯ ಇವರಿಗೆ,

‘ದತ್ತಾಂಶಕ್ಕೆ ಅಪ್ಪ ಅಮ್ಮ ಇರುವುದಿಲ್ಲ’ ಎಂದೋ ಏನೋ ಹೇಳಿದಿರಲ್ಲ, ಹೊರಡುವ ದಿನ ಶೂ ಲೇಸು ಕಟ್ಟುತ್ತಾ. ಆಮೇಲೆ ವಾಕ್ಯ ಮುಗಿಸಿದಿರೋ ಬಿಟ್ಟಿರೋ ನೆನಪಿಲ್ಲ, ಅಷ್ಟರಲ್ಲಿ ಲಿಫ್ಟ್ ಬಂತು. ನೀವು ಹೋದಿರಿ, ಆ ಅರ್ಧ ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಿ, ಸೊಂಟ ಹೇಗಿದೆ? ಸ್ಥಾವರದ ಅತಿಥಿಗೃಹದ ಮಂಚ ನಡುವೆ ತಗ್ಗಿದೆ ಅಂದಿದ್ದಿರಿ, ಹಲಗೆ ಹಾಕಿಸಿಕೊಂಡಿರಾ? ಬಿಪಿ ಮಾತ್ರೆಯ ಡಬ್ಬಿ ಇಲ್ಲೇ ಫ್ರಿಜ್ಜಿನ ಮೇಲೆ ಕೂತಿದೆ. ಅಲ್ಲಿ ಬೇರೆ ಕೊಂಡಿರುತ್ತೀರಿ ಎಂದು ನಂಬಿದ್ದೇನೆ. ನಂಬದೆ ಮಾಡುವುದಾದರೂ ಏನು. ನಾನು ಚೆನ್ನಾಗಿದ್ದೇನೆ. ನಿಮ್ಮ ಅಪ್ಪನ ಕೆಮ್ಮು ಹಾಗೇ ಇದೆ. ‘ಇದು ಇದ್ದಿಲ ಕೆಮ್ಮಲ್ಲ, ವಯಸ್ಸಿನ ಕೆಮ್ಮು’ ಎಂದು ಪ್ರತಿ ಸಲ ಕೆಮ್ಮಿ ಮುಗಿಸಿದ ಮೇಲೆ ಯಾರೂ ಕೇಳದಿದ್ದರೂ ಹೇಳುತ್ತಾರೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಈ ವಯಸ್ಸಿನಲ್ಲಿ ಗಂಡನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನೀವು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಫೋನು ಮಾಡಿದರೆ ‘ಸಭೆಯಲ್ಲಿದ್ದೇನೆ’ ಎಂಬ ಸಂದೇಶ ತಾನಾಗಿಯೇ ಬರುತ್ತದೆ. ತಪ್ಪಿ ಎತ್ತಿದಿರೋ, ಪಕ್ಕದಲ್ಲಿ ಯಾರೋ ಇರುತ್ತಾರೆ. ‘ಹ್ಞಾಂ, ಸರಿ, ನೋಡೋಣ’ ಎನ್ನುತ್ತೀರಿ, ಅದು ನೀವು ಬ್ಯಾಂಕಿನವರ ಹತ್ತಿರ ಆಡುವ ದನಿ. ಕಾಗದ ಹಾಗಲ್ಲ, ಅದಕ್ಕೆ ‘ನೋಡೋಣ’ ಎಂದು ಹೇಳಿ ಪ್ರಯೋಜನವಿಲ್ಲ. ನಾಳೆಯ ಸಭೆಯ ಕಡತಗಳನ್ನು ಹೊತ್ತು ನಿಮ್ಮ ಸಂಸ್ಥೆಯ ಜೀಪು ಇವತ್ತು ಅಲ್ಲಿಗೆ ಬರುತ್ತಿದೆ. ಡ್ರೈವರ್ ನಮ್ಮ ಬೀದಿಯ ಮೇಲೇ ಹೋಗುತ್ತೇನೆ, ಕಾಗದ ಕೊಡಿ ಅಕ್ಕಾ ಎಂದಿದ್ದಾನೆ. ಅವನು ಹಾರ್ನ್ ಹೊಡೆಯುವುದರೊಳಗೆ ಮುಗಿಸಬೇಕು. ಲೈಬ್ರರಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಕಾರಣ ಎಂಬಲ್ಲಿ ‘ಮನೆವಾರ್ತೆ’ ಎಂದು ಬರೆದೆ, ಸುಳ್ಳೇನಲ್ಲ.

ಒಲೆಯ ವಿಷಯ. ‘ನಮ್ಮ ಮನೆಯಿಂದಲೇ ಶುರುವಾಗಲಿ’ ಎಂದು ಗ್ಯಾಸ್ ಒಲೆ ಕೀಳಿಸಿ ಕರೆಂಟಿನ ಒಲೆ ಕೂರಿಸಿ ಹೋದಿರಿ. ಶುರುವಾಗಿದೆ. ನನ್ನ ಅರ್ಧಕ್ಕರ್ಧ ಪಾತ್ರೆಗಳನ್ನು ಅದು ಪಾತ್ರೆಗಳೆಂದೇ ಒಪ್ಪುವುದಿಲ್ಲ. ಇಟ್ಟ ಕೂಡಲೇ ಕುಂಯ್ ಎಂದು ಕೂಗಿ ಆರಿಕೊಳ್ಳುತ್ತದೆ. ಮೊನ್ನೆ ನಾನು ಒಂದೊಂದೇ ಪಾತ್ರೆ ಇಟ್ಟು ತೆಗೆದು ಇಟ್ಟು ತೆಗೆದು ಮಾಡುವಾಗ ಮಾವ ಬಾಗಿಲಿಗೆ ಒರಗಿ ನೋಡುತ್ತಿದ್ದರು. ‘ತಿರಸ್ಕಾರ ಆದವಕ್ಕೆ ಏನಮ್ಮ ಪರಿಹಾರ? ಮರುತರಬೇತಿ ಏನಾದ್ರೂ ಕೊಡ್ತಾನಂತಾ ನಿನ್ ಗಂಡ?’ ಎಂದರು. ನಗು ಬಂತು, ನುಂಗಿಕೊಂಡೆ. ಈ ಮನೆಯಲ್ಲಿ ನಾನು ಯಾರ ಮಾತಿಗೆ ನಕ್ಕರೂ ಇನ್ನೊಬ್ಬರ ವಿರುದ್ಧ ಮತ ಹಾಕಿದ ಹಾಗಾಗುತ್ತದೆ.

ನಿಮ್ಮಿಬ್ಬರ ನಡುವೆ ಮಾತು ಕಡಿಮೆಯಾದದ್ದು ಅವರು ಸ್ಥಾವರದ ಪಕ್ಷ, ನೀವು ಹವಾಮಾನದ ಪಕ್ಷ ಎಂಬ ಕಾರಣಕ್ಕೆ ಎಂದು ನೀವು ತಿಳಿದಿದ್ದೀರಿ. ನಾನೂ ಹಾಗೇ ತಿಳಿದಿದ್ದೆ. ಆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಮುಚ್ಚಬೇಕಾದದ್ದೇ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಮಾವನ ಎದೆಗೂಡು ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತದೆ. ಬಾಯ್ಲರ್ ವಿಭಾಗದಲ್ಲಿ ಜೀವಮಾನ ಕಳೆದವರು, ಅವರಿಗೆ ಕೋಪ ಬರುವುದೂ ಸಹಜ, ಸ್ಥಾವರ ಮುಚ್ಚಿದ ಮೇಲೆ ತಾನಾಗಿ ಇಳಿಯುತ್ತದೆ ಅಂದುಕೊಂಡಿದ್ದೆ. ಈಗ ವಿಷಯ ಅದಷ್ಟೇ ಅಲ್ಲ ಎಂದು ಗೊತ್ತಾದದ್ದು ಹೋದ ವಾರ, ಸ್ಥಾವರ ಮುಚ್ಚಿದರೆ ಕೆಲಸಗಾರರ ಗತಿಯೇನು ಎಂಬ ನಿಮ್ಮ ವರದಿ ಅಂಚೆಯಲ್ಲಿ ಬಂದಾಗ.

ಯಾರ ಬುದ್ಧಿಯೋ ನಿಮ್ಮದು ಎಂದು ಬೈಯಬೇಕೆನಿಸುತ್ತದೆ. ಉತ್ತರ ಕೊಟ್ಟ ಪ್ರತಿಯೊಬ್ಬರಿಗೂ ವರದಿಯ ಒಂದು ಪ್ರತಿ ಹೋಗಲೇಬೇಕು ಎಂಬ ನಿಯಮ ಮಾಡಿದವರು ನೀವೇ. ಬಡವರ ಮಾತು ತೆಗೆದುಕೊಂಡು ಹೋಗಿ ಮುಖ ತೋರಿಸದೆ ಇರುವುದು ಕಳ್ಳತನ ಎಂದು ಸಮಿತಿಯ ಮುಂದೆ ವಾದಿಸಿ ಗೆದ್ದು ಬಂದ ದಿನ ಮನೆಯಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿಕೊಂಡಿರಿ! ಉತ್ತರ ಕೊಟ್ಟವರಲ್ಲಿ ಒಬ್ಬರು ನಿಮ್ಮ ಮನೆಯ ವಿಳಾಸದಲ್ಲೇ ಇದ್ದಾರೆ ಎಂಬುದು ಮರೆತೇ ಹೋಯಿತು. ನಿಮ್ಮ ಕಚೇರಿಯ ಹುಡುಗಿ ಪಾಪ, ಪಟ್ಟಿ ನೋಡಿ ಅಂಟಿಸಿ ಕಳಿಸಿದ್ದಾಳೆ. ಮಾವ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಓದಿದರು. ಊಟಕ್ಕೆ ಕರೆದೆ, ಬರಲಿಲ್ಲ. ಸಂಜೆ ಪುಸ್ತಕ ತಂದು ನನ್ನ ಮುಂದೆ ಹಿಡಿದು ಒಂದು ಸಾಲಿನ ಮೇಲೆ ಬೆರಳಿಟ್ಟರು.

ಆ ಸಂದರ್ಶನ ನಡೆದಾಗ ನಾನೂ ಅಲ್ಲೇ ಇದ್ದೆ, ನಿಮಗೆ ನೆನಪಿದೆಯೋ ಇಲ್ಲವೋ. ಭಾನುವಾರ ಮಧ್ಯಾಹ್ನ. ಹಳೆಯ ಬಾಯ್ಲರ್ ಪಾಳಿಯ ನಿವೃತ್ತರೊಬ್ಬರು ಕಡಿಮೆ ಬಿದ್ದಿದ್ದರು, ಇದ್ದವರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಮಾತಾಡಲಾರೆ ಎಂದಿದ್ದರು. ಮನೆಯವರನ್ನು ಸಂದರ್ಶಿಸಬಾರದೆಂಬ ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ. ‘ಒಂದೇ ಒಂದು ತಾನೆ’ ಎಂದು ಊಟದ ಮೇಜಿನ ಮೇಲೆ ರೆಕಾರ್ಡರ್ ಇಟ್ಟಿರಿ. ಒಪ್ಪಿಗೆಯ ಕಾಗದ ಚಾಚಿದರೆ ಮಾವ ಓದಲೂ ಇಲ್ಲ. ‘ಎಲ್ಲಿ ಹಾಕ್ಬೇಕು ಹೇಳೋ’ ಎಂದು, ನಿಮ್ಮ ಶಾಲೆಯ ಅಂಕಪಟ್ಟಿಗೆ ಹಾಕುತ್ತಿದ್ದ ಹಾಗೇ ಸಹಿ ಹಾಕಿದರು. ನೀವು ಅವರನ್ನು ‘ತಾವು’ ಎಂದು ಮಾತಾಡಿಸಿದಿರಿ. ಅವರು ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ಆಟ ಎಂದುಕೊಂಡು ಖುಷಿಯಿಂದ ಮಾತಾಡಿದರು. ನಾನು ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಬರಹಕ್ಕಿಳಿಸಿದ ಪ್ರತಿಯಲ್ಲಿ ಒಂದು ಕಡೆ ಕಂಸದೊಳಗೆ ‘ಪಾತ್ರೆಯ ಸದ್ದು’ ಎಂದಿದೆ. ನಿಮ್ಮ ಇಷ್ಟು ವರ್ಷದ ಸಂಶೋಧನೆಯಲ್ಲಿ ನಾನು ಕಾಣಿಸಿಕೊಂಡಿರುವುದು ಅಷ್ಟೇ. ದೂರುತ್ತಿಲ್ಲ. ಕಂಸದೊಳಗಿದ್ದರೆ ಎರಡೂ ಕಡೆಯ ಮಾತು ಚೆನ್ನಾಗಿ ಕೇಳಿಸುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಅವತ್ತು ಅವರು ಆಡಿದ ಮಾತು ನನಗೆ ನೆನಪಿದೆ. ‘ಆ ಚಿಮಣಿ ಬೀಳಿಸಿಬಿಟ್ರೆ ನಿಮ್ಮಪ್ಪ ಎಲ್ಲಿದ್ದ ಅಂತ ಯಾರಿಗೆ ಏನು ತೋರಿಸ್ತೀಯೋ?’ ಎಂದಿದ್ದರು, ನಗುತ್ತಲೇ. ವರದಿಯಲ್ಲಿ ಇರುವುದು: ‘ಆ ಚಿಮಣಿ ಬೀಳಿಸಿದರೆ ನಾನು ಎಲ್ಲಿ ಕೆಲಸ ಮಾಡಿದೆ ಎಂದು ಯಾರಿಗೆ ಏನು ತೋರಿಸಲಿ? — ಉತ್ತರದಾತ ಹದಿನಾಲ್ಕು, ಪುರುಷ, ನಿವೃತ್ತ.’ ಅದರ ಮೇಲಿನ ತಲೆಬರಹ, ‘ಬದಲಾವಣೆಯ ಬಗ್ಗೆ ಹಿಂಜರಿಕೆ’. ಮಾವ ಬೆರಳು ತೆಗೆಯದೆ ಕೇಳಿದರು, ‘ಮಾತು ನಂದೇ. ಇಲ್ಲಿ ಒಬ್ಬನನ್ನ ತೆಗೆದು ಹಾಕಿದಾನಲ್ಲ, ಅವನೇನು ಮಾಡಿದ್ದ?’ ನಾನು ಗುಟ್ಟು ಕಾಯುವ ನಿಯಮ, ಹೆಸರು ಗೊತ್ತಾಗಬಾರದೆಂಬ ಕಾಳಜಿ, ಎಲ್ಲವನ್ನೂ ವಿವರಿಸಿದೆ. ನೀವು ನನಗೆ ವಿವರಿಸಿದ್ದಕ್ಕಿಂತ ಚೆನ್ನಾಗಿಯೇ ವಿವರಿಸಿದೆ. ‘ಗುಟ್ಟು ಯಾಕೆ? ನಾನೇನು ಕದ್ದು ಮಾತಾಡಿದೀನಾ? ಊಟದ ಮೇಜಲ್ಲಿ ಕೂತು, ಸೊಸೆ ಎದುರಿಗೆ ಆಡಿದ ಮಾತು’ ಎಂದರು. ದತ್ತಾಂಶಕ್ಕೆ ಅಪ್ಪ ಅಮ್ಮ ಇಲ್ಲವೆಂಬ ನಿಮ್ಮ ಆ ಅರ್ಧ ಮಾತು ನೆನಪಾಯಿತು, ಪುಸ್ತಕ ಮುಚ್ಚಿಟ್ಟು ಅವರಿಗೆ ಊಟ ಬಡಿಸಿದೆ.

ಅವತ್ತಿನಿಂದ ಅವರು ಈ ಮನೆಯಲ್ಲಿ ಹದಿನಾಲ್ಕು. ‘ಹದಿನಾಲ್ಕಕ್ಕೆ ಚಹಾ ಸಕ್ಕರೆ ಕಮ್ಮಿ.’ ‘ಹದಿನಾಲ್ಕು ವಾಕಿಂಗ್ ಹೋಗಿ ಬರತ್ತೆ, ಬಾಗಿಲು ಹಾಕ್ಕೋ.’ ಬಾಗಿಲ ಬಳಿ ಕೊರಿಯರಿನವನು ಹೆಸರು ಕೇಳಿದರೆ ‘ಹದಿನಾಲ್ಕು, ಪುರುಷ, ನಿವೃತ್ತ’ ಎನ್ನುತ್ತಾರೆ. ಅವನು ಮನೆ ನಂಬರು ಅಂದುಕೊಂಡು ಪಕ್ಕದ ಮನೆಗೆ ಹೋಗಿ ಬೈಸಿಕೊಂಡ. ಕನ್ನಡಕ ಎಲ್ಲಿಟ್ಟಿರಿ ಮಾವ ಎಂದರೆ ‘ಉತ್ತರದಾತರು ಈ ಪ್ರಶ್ನೆಗೆ ಉತ್ತರಿಸಲು ಬಯಸಲಿಲ್ಲ.’ ಮೊದಲ ದಿನ ತಮಾಷೆಯಾಗಿತ್ತು. ಈಗ ನನಗೆ ತಲೆಚಿಟ್ಟು ಹಿಡಿದಿದೆ. ತಮಾಷೆ ಮಾಡುವಾಗ ಅವರ ಮುಖದಲ್ಲಿ ನಗು ಇರುವುದಿಲ್ಲ, ಅದೇ ಕಷ್ಟ.

ಈಗ ಕೇಳಿ. ನಾಳೆಯ ಸಾರ್ವಜನಿಕ ಸಭೆಗೆ ಬಂದು, ಎಲ್ಲರೆದುರು ಎದ್ದು ನಿಂತು, ‘ಹದಿನಾಲ್ಕು ನಾನೇ, ವೇದಿಕೆ ಮೇಲೆ ಕೂತಿರೋನು ನನ್ನ ಮಗ’ ಎಂದು ಹೇಳುತ್ತಾರಂತೆ. ಹಾಗೆ ಹೇಳಿದರೆ ಏನಾಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸ್ಥಾವರದ ಬದಲಿಗೆ ಬರುವ ಹೊಸ ಘಟಕಕ್ಕೆ ಸಾಲ ಕೊಡುವ ಬ್ಯಾಂಕಿನ ಮೇಡಂ ಒಂದೇ ಮಾತು ಹಿಡಿದು ಕೂತಿದ್ದಾಳೆ: ಬೂದಿ ತೆಗೆಯುವವರು, ಗುಡಿಸುವವರು, ಕ್ಯಾಂಟೀನಿನ ಹೆಂಗಸರು ಇವರೆಲ್ಲ ಗುತ್ತಿಗೆಯವರು, ಸ್ಥಾವರದ ನೌಕರರೇ ಅಲ್ಲ, ಅವರಿಗೆ ಪರಿಹಾರ ಯಾಕೆ ಎಂದು. ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದು ಹೇಳುತ್ತಿರುವುದು ನಿಮ್ಮ ವರದಿ ಒಂದೇ. ಸಂಶೋಧಕ ಸ್ವಂತ ಅಪ್ಪನನ್ನೇ ಗುಟ್ಟಾಗಿ ಸಂದರ್ಶಿಸಿದ್ದಾನೆ ಎಂದಾದರೆ ಆಕೆ ವರದಿಯನ್ನು ತೆರೆದೂ ನೋಡಬೇಕಾಗಿಲ್ಲ. ನಿಮ್ಮ ಕೆಲಸ ಹೋದರೆ ಹೋಗಲಿ, ನಾವು ಹೇಗೋ ಬದುಕುತ್ತೇವೆ. ಆ ಹೆಂಗಸರಿಗೆ ಹೇಗೋ ಎಂಬುದು ಇಲ್ಲ.

ಇದನ್ನು ಮಾವನಿಗೆ ಹೇಳದೆ ಇದ್ದೇನೆ ಅಂದುಕೊಂಡಿರಾ? ಬಿಡಿಸಿ ಬಿಡಿಸಿ ಹೇಳಿದೆ. ‘ನೀವು ಎದ್ದು ನಿಂತರೆ ಅವರ ಅನ್ನಕ್ಕೆ ಕಲ್ಲು ಬೀಳತ್ತೆ ಮಾವ.’ ‘ಅವರ ಹೆಸರೂ ಹಾಕಿಲ್ಲ ನಿನ್ ಗಂಡ.’ ‘ಅವರಿಗೆ ಹೆಸರು ಬೇಡ, ಪರಿಹಾರ ಬೇಕು.’ ‘ನಂಗೆ ಪರಿಹಾರ ಬೇಡ’ ಎಂದು ಟಿವಿಯ ದನಿ ಜೋರು ಮಾಡಿದರು. ನಿಮ್ಮ ಹಟ ಎಲ್ಲಿಂದ ಬಂತು ಎಂದು ಹುಡುಕಲು ಯಾವ ಸಂಶೋಧನೆಯೂ ಬೇಕಿಲ್ಲ. ಒಬ್ಬರು ನಿಯಮದ ಹಿಂದೆ ಅವಿತಿದ್ದೀರಿ, ಇನ್ನೊಬ್ಬರು ಮುಂಗೋಪದ ಹಿಂದೆ. ನಡುವೆ ನಾನು, ಗುರುತಿಸದ ಒಲೆಯ ಮೇಲೆ ಪಾತ್ರೆ ಇಟ್ಟು ತೆಗೆಯುತ್ತಾ.

ನನಗೆ ತೋಚಿದ್ದು ಇಷ್ಟು. ಸಭೆ ಶುರುವಾಗುವ ಮುಂಚೆ ನೀವೇ ಹೇಳಿಬಿಡಿ. ಹದಿನಾಲ್ಕನೆಯ ಉತ್ತರ ನಿಯಮ ಮೀರಿ ಪಡೆದದ್ದು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು. ನೀವಾಗಿ ಹೇಳಿದರೆ ಅದು ಒಂದು ತಪ್ಪು. ಅವರು ಹೇಳಿದರೆ ಇಡೀ ವರದಿ ಸುಳ್ಳು. ಒಬ್ಬರ ಉತ್ತರ ಕಳೆದರೆ ನಿಮ್ಮ ತೀರ್ಮಾನವೇನೂ ಬದಲಾಗುವುದಿಲ್ಲ ಎಂದು ನೀವೇ ಒಂದು ಸಲ ಹೇಳಿದ್ದಿರಿ. ಆದರೆ ಬರೆಯುತ್ತಾ ಬರೆಯುತ್ತಾ ಇನ್ನೊಂದು ಹೊಳೆಯುತ್ತಿದೆ. ಹಾಗೆ ಮಾಡಿದರೆ ಮಾವ ಆ ಪುಸ್ತಕದಿಂದ ಪೂರ್ತಿ ಹೊರಗೆ. ಮೊದಲು ಅಪ್ಪನನ್ನು ತೆಗೆದಿರಿ, ಈಗ ಹದಿನಾಲ್ಕನ್ನೂ ತೆಗೆಯುತ್ತೀರಿ. ಇದನ್ನು ಅವರಿಗೆ ನಾನು ಹೇಗೆ ಹೇಳಲಿ? ಹೇಳದೆ ಇರುವುದು ಹೇಗೆ? ನೀವು ಇಷ್ಟು ವರ್ಷ ಓದಿದ್ದೀರಿ, ಮುಚ್ಚುವುದನ್ನು ನ್ಯಾಯವಾಗಿ ಮುಚ್ಚುವುದು ಹೇಗೆಂದು ಊರೂರಿಗೆ ಹೋಗಿ ಹೇಳುತ್ತೀರಿ. ನನಗಂತೂ ಹೊಳೆಯುತ್ತಿಲ್ಲ. ಅವರು ಬಚ್ಚಲಿನಿಂದ ಬಂದ ಹಾಗಿದೆ, ಕೇಳಿಯೇಬಿಡುತ್ತೇನೆ.

ಮಾತ್ರೆಯ ಡಬ್ಬಿಯನ್ನೂ ಕಾಗದದ ಜೊತೆ ಕಳಿಸುತ್ತಿದ್ದೇನೆ. ತಂಪು ಹೊತ್ತಿನಲ್ಲಿ ಕಿವಿ ಮುಚ್ಚಿಕೊಂಡು ಓಡಾಡಿ. ಸಿಟ್ಟಿನಲ್ಲಿ ಬರೆದದ್ದನ್ನು ಸಿಟ್ಟು ಎಂದೇ ಓದಿಕೊಳ್ಳಿ, ಬೇರೆ ಅರ್ಥ ಹಚ್ಚಬೇಡಿ.

ಇಷ್ಟಾದರೂ ನಿಮ್ಮವಳೇ,
ಪಾತ್ರೆಯ ಸದ್ದು

ಮರೆತ ಮಾತು: ಜೀಪು ಕೆಳಗೆ ನಿಂತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕೇಳಿದೆ. ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು, ‘ತೆಗೀಲಿ ಬಿಡು. ತೆಗೆಯೋವಾಗ ಯಾರದ್ದು ಅಂತ ಹೇಳಿ ತೆಗೀಲಿ. ಹೇಳಿದ್ರೆ ನಾನು ಬಾಯಿ ಬಿಡಲ್ಲ.’ ಆಮೇಲೆ ಏನು ಮಾಡಿದರು ಗೊತ್ತೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೆಟ್ಟಿಲಿಳಿದು ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ, ನಿಮ್ಮ ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡು. ಇಳಿಯಿರಿ ಅಂದೆ, ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಒಂದೇ ಸಲ ಅಂದೆ. ಈ ಕಾಗದವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ, ಅಂಟಿಸಿಲ್ಲ, ದಾರಿಯಲ್ಲಿ ಓದಿದರೆ ಓದಲಿ. ನಾಳೆ ಮಾತಾಡುವವರನ್ನು ಒಬ್ಬೊಬ್ಬರಾಗಿ ಎಬ್ಬಿಸುವುದು ನೀವೇ ಅಲ್ಲವೇ? ಅಷ್ಟು ಜನರ ನಡುವೆ ಅವರು ಕೈ ಎತ್ತಿದಾಗ ಏನೆಂದು ಕರೆಯುತ್ತೀರಿ?