ಶಾಲೆಯ ಸೈಕಲ್ ಚಪ್ಪರ ಉಜ್ಜಿಸಲು ಹೊರಟವರಿಗೆ

ಪುರಸಭೆಯ ಗ್ರಾಮಸೌಂದರ್ಯ ಅಧಿಕಾರಿಗಳೇ, ಪಾಚಿಯ ಪರಮಶತ್ರುಗಳೇ,

ಬರುವ ಶನಿವಾರ ಎಲ್ಡರ್‌ವೆಲ್ಡೆಯ ತಂದೆತಾಯಿಗಳೆಲ್ಲ ಬ್ರಶ್ಶು ಹಿಡಿದು ಬಂದು ಶಾಲೆಯ ಸೈಕಲ್ ಚಪ್ಪರದ ಪಾಚಿ ಉಜ್ಜಬೇಕೆಂದು ಅಪ್ಪಣೆ ಹೊರಡಿಸಿದ್ದೀರಿ. ಅಂದದ ಊರಿನ ಪ್ರಶಸ್ತಿಗೆ ತೀರ್ಪುಗಾರರು ಅಂದೇ ಚಿತ್ತೈಸುತ್ತಾರಂತೆ! ಸ್ವಾಮೀ, ಆ ಬೂದು ಶೀಟು ಕಲ್ನಾರಿನದು, ಆಸ್ಬೆಸ್ಟಾಸಿನದು. ಉಜ್ಜಿದರೆ ಪಾಚಿಯ ಜೊತೆ ಕಣ್ಣಿಗೆ ಕಾಣದ ನಾರೂ ಏಳುತ್ತದೆ. ಕೆಳಗೆ ಮಕ್ಕಳು ಬಾಯಿ ತೆರೆದು ನಗುತ್ತಿರುತ್ತಾರೆ. ನಿಮಗಿದು ಗೊತ್ತಿಲ್ಲವೇ? ಗೊತ್ತಿಲ್ಲದಿದ್ದರೆ ಆ ಕುರ್ಚಿ ನಿಮಗೇಕೆ? ಗೊತ್ತಿದ್ದೂ ಬರೆದಿದ್ದರೆ ಕುರ್ಚಿಯೇಕೆ, ಕಟಕಟೆಯೇ ಇದೆಯಲ್ಲ!

ಸಾಕ್ಷಿ ಬೇಕೆ? ನನ್ನ ಹೆಂಡತಿ ಫೆನ್ನೆಕೆ ಇದ್ದಾಳೆ, ಇನ್ನೂ. ಕಿಟಕಿಗೆ ಪರದೆ ಎಳೆಯದ ಊರು ನಮ್ಮದು. ಮನೆಯೊಳಗೆ ಏನೇ ಹಾಳಾಗಲಿ, ಮಾಡಿನ ಮೇಲೆ ಪಾಚಿ ಕಂಡರೆ ನೆರೆಯವರೆದುರು ತಲೆ ಎತ್ತುವಂತಿಲ್ಲ. ಮದುವೆಯಾದ ಹೊಸತರಲ್ಲಿ ನಿಮ್ಮ ಇದೇ ಕುರ್ಚಿಯಿಂದ ಇಂಥದೇ ಅಪ್ಪಣೆ ಬಂತು. ನನಗೆ ಎತ್ತರವೆಂದರೆ ತಲೆಸುತ್ತು. ಅವಳೇ ಬ್ರಶ್ಶು ಹಿಡಿದು, ಇದೇ ಕಲ್ನಾರು ಶೀಟಿನ ನಮ್ಮ ಕೊಟ್ಟಿಗೆಯ ಮಾಡು ಹತ್ತಿದಳು, ಹಾಡುತ್ತಾ. ಅಲ್ಲಿಂದ ಮುಂದೆ ಪ್ರತಿ ವಸಂತಕ್ಕೂ ಹತ್ತಿದಳು. ಪ್ರಶಸ್ತಿ ಊರಿಗೆ ಬಂತು. ಶ್ವಾಸಕೋಶದ ಪೊರೆಗೆ ಕ್ಯಾನ್ಸರ್ ಅವಳಿಗೆ ಬಂತು. ಹಂಚಿಕೆ ನ್ಯಾಯವಾಗಿಯೇ ಇದೆ, ಅಲ್ಲವೇ?

ಮೊನ್ನೆ ಹೂಕುಂಡ ಹಿಡಿದು ನಮ್ಮನೆಗೆ ದಯಮಾಡಿಸಿದಿರಿ. "ಅಮ್ಮಾವ್ರೇ, ಮುಟ್ಟದೇ ಬಿಟ್ರೆ ಆ ಶೀಟು ಏನೂ ಮಾಡಲ್ಲ" ಎಂದಿರಿ.

"ಹುಲೀನೂ ಕೆಣಕೋ ತನಕ ಸುಮ್ನೆ ಇರತ್ತೆ ಸಾರ್," ಎಂದಳು ಫೆನ್ನೆಕೆ, ಪದಪದಕ್ಕೂ ಉಸಿರಿಗಾಗಿ ತಡೆದು. "ನೀವು ಬ್ರಶ್ಶು ಕೊಟ್ಟು, ಬೆನ್ನುಜ್ಜಿ ಬನ್ನಿ ಅಂತ ಮಕ್ಕಳ ಅಪ್ಪ ಅಮ್ಮಂದಿರನ್ನ ಕಳಿಸ್ತಿದ್ದೀರಿ."

"ಸುಮ್ಸುಮ್ನೆ ಊರೋರಿಗೆ ಗಾಬರಿ ಹುಟ್ಟಿಸ್ಬೇಡಿ."

ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಗೆ ಮುಚ್ಚಳ: ಇದು ನಮ್ಮ ನಾಡಿನ ಧರ್ಮ. ಜನ್ಮದಲ್ಲಿ ಮೊದಲ ಸಲ ಫೆನ್ನೆಕೆ ಡಬ್ಬಿಯನ್ನು ಮತ್ತೆ ತೆರೆದಳು. "ಇನ್ನೊಂದು ತಗೊಳ್ಳಿ ಸಾರ್. ಬಾಯಿ ತುಂಬಿದ್ರೆ ಮಾತಾದ್ರೂ ನಿಲ್ಲತ್ತೆ."

ತೆಗೆದುಕೊಂಡಿರಲ್ಲ, ಮಹಾನುಭಾವರೇ! ಚಪ್ಪರಿಸಿ ತಿಂದಿರಲ್ಲ!

ಈಗ ಕೇಳಿ. ಶನಿವಾರದ ಅಪ್ಪಣೆ ರದ್ದಾಗಬೇಕು. ಚಪ್ಪರಕ್ಕೆ ಇಂದೇ ಬೇಲಿ ಬೀಳಬೇಕು. ಪಳಗಿದ ಕೆಲಸಗಾರರು ಮುಖಕವಚ ತೊಟ್ಟು, ಶೀಟು ಒದ್ದೆ ಮಾಡಿ, ಒಡೆಯದೆ ಇಳಿಸಿ, ಸುತ್ತಿ ಸಾಗಿಸಲಿ. ಆ ಜಾಗಕ್ಕೆ ಉಕ್ಕಿನ ತಗಡು ಹಾಕಿ, ಇಲ್ಲವೇ ಕಲ್ನಾರಿಲ್ಲದ ಸಿಮೆಂಟ್ ಶೀಟು ಹಾಕಿ. ಅಂದವೇ ಬೇಕೆಂದರೆ ಹೆಂಚು ಹೊದಿಸಿ.

ಆಗುವುದಿಲ್ಲವೇ? ಶನಿವಾರ ಫೆನ್ನೆಕೆಯನ್ನು ಗಾಲಿಕುರ್ಚಿಯಲ್ಲಿ, ಆಮ್ಲಜನಕದ ಕೊಳವೆ ಸಮೇತ, ಶಾಲೆಯ ಗೇಟಿಗೆ ಅಡ್ಡ ತಂದು ನಿಲ್ಲಿಸುತ್ತೇನೆ. ಅದು ಅವಳದೇ ಹಟ. ಏಣಿ ಒಳಗೆ ಹೋಗಬೇಕಾದರೆ ತೀರ್ಪುಗಾರರೆದುರು ನಿಮ್ಮ ಕೈಯಾರೆ ಅವಳನ್ನು ಪಕ್ಕಕ್ಕೆ ತಳ್ಳಿ. ಊರಿನ ಅಂದವನ್ನು ಪಾಚಿಗಿಂತ ಹೆಚ್ಚು ಕೆಡಿಸುವವಳು ಅವಳೇ ತಾನೆ?

ಇಂತಿ,
ಅಂದು ಏಣಿ ಹಿಡಿದಿದ್ದವ, ಇಂದು ಕೊಳವೆ ಹಿಡಿದಿರುವವ,
ವೋಲ್ಟರ್ ಹೆಸ್ಸೆಲಿಂಕ್