ಹಣೆ ಮುಟ್ಟಿತು

ಮಂಗಳವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ನಿನ್ನ ಯೋಗದ ಕ್ಲಾಸು ಬಿಟ್ಟು ಇಲ್ಲಿನ ಮಾಸ್ಟರರ ಯೋಗದ ಹಾಲ್‌ಗೆ ಸಹಾಯಕಿಯಾಗಿ ಬರುವಾಗ, ನಿನ್ನದು ಕಂಬಳಿ ಮಡಚುವ ಯೋಗ ಎಂದು ನಾನು ಹಂಗಿಸಿದ್ದೆ. ತ್ರಿಕೋನಾಸನದಲ್ಲಿ ಕೈಯಡಿಗೆ ಮರದ ಇಟ್ಟಿಗೆ ಕೊಟ್ಟು ಐದು ನಿಮಿಷ ನಿಲ್ಲಿಸಿ, "ಹಿಮ್ಮಡಿ ಏನು ಹೇಳ್ತಿದೆ ಕೇಳು" ಅನ್ನುತ್ತಿದ್ದೆ ನೀನು. ನನ್ನ ಹಿಮ್ಮಡಿ ಹೇಳುತ್ತಿದ್ದದ್ದು ಒಂದೇ: ಓಡು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡುವಾಗಲೂ ಅದನ್ನೇ ಹೇಳಿತ್ತು.

ಇಲ್ಲಿ ಓಡಬಹುದು. ಉಸಿರಿಗೊಂದು ಭಂಗಿ, ಬೆವರು ಚಾಪೆಗೆ ತೊಟ್ಟಿಕ್ಕಬೇಕು. ಮೈ ದಣಿದರೆ ಮನಸ್ಸು ತಾನೇ ಸುಮ್ಮನಾಗುತ್ತದೆ ಅನ್ನುತ್ತಾರೆ ಮಾಸ್ಟರ್. ನೀನು ಮೈಯನ್ನು ನಿಲ್ಲಿಸಿ ಮನಸ್ಸನ್ನು ಕಾಯುತ್ತೀಯ. ಮೇಲಿನ ಮಹಡಿಯಲ್ಲಿ ಇನ್ನೊಬ್ಬರು ಒಂದು ಗಂಟೆ ಬರೀ ಮಲಗಿಸುತ್ತಾರೆ. ಅಲ್ಲಿ ಗೊರಕೆಯೇ ಗುರು. ಕೊನೆಗೆ ಮೂವರೂ ಹೇಳುವುದು ಚಿತ್ತ ನಿಲ್ಲಬೇಕೆಂದೇ. ನನ್ನದು ಮೂರೂ ಕಡೆ ನಿಲ್ಲಲಿಲ್ಲ. ತೋಳು ಮಾತ್ರ ಗಟ್ಟಿಯಾಯಿತು. ಯಾರನ್ನು ಬೈಯಬೇಕೋ ತಿಳಿಯುತ್ತಿಲ್ಲ.

ಹಾಲ್‌ಗೆ ಟೈಲರ್ ಆಂಟಿಯೊಬ್ಬರು ಬರುತ್ತಿದ್ದರು. ಕೂತು ಕೂತು ಹೊಲಿದು ಅವರ ತೊಡೆಯ ಹಿಂಭಾಗ ಹಗ್ಗದಂತೆ ಬಿಗಿದಿತ್ತು. ಕಾಲು ಚಾಚಿ ಬಗ್ಗಿದರೆ ಹಣೆಗೂ ಮೊಣಕಾಲಿಗೂ ನಡುವೆ ಒಂದು ಗೇಣು. ಹೋದ ವಾರದ ಸೋಮವಾರ ನಾನು ಅವರ ಬೆನ್ನ ಮೇಲೆ ನನ್ನ ಭಾರ ಹಾಕಿ ಒತ್ತಿದೆ. ಹಣೆ ಮುಟ್ಟಿತು. ಒಳಗೆ ಏನೋ ಪಟ್ ಎಂದಿತು. ತೊಡೆಯ ಸ್ನಾಯು ಹರಿದಿದೆ, ಎರಡು ತಿಂಗಳು ಯಂತ್ರ ತುಳಿಯಬಾರದು ಎಂದರು ಡಾಕ್ಟರು.

ಮಾಸ್ಟರ್ ನನ್ನನ್ನು ಮೂಲೆಗೆ ಕರೆದು, "ಅವರ ಕಾಲು ಮೊದಲೇ ಕೆಟ್ಟಿತ್ತು ಅಂತ ಹೇಳಿಬಿಡು, ಮಾತಿಗೇನು ಸುಂಕಾನಾ?" ಅಂದರು. ನಾನು ನೇರ ಟೈಲರ್ ಅಂಗಡಿಗೆ ಹೋಗಿ, ತಪ್ಪು ನನ್ನದು ಎಂದೆ. ಕೆಲಸ ಹೋಯಿತು. ಆಂಟಿ ಅಳಲಿಲ್ಲ, ಕೂಗಾಡಲೂ ಇಲ್ಲ. "ನನ್ನ ಕಾಲು ಕೆಡಿಸಿದೆಯಲ್ಲ, ಈಗ ನಿನ್ನ ಕಾಲು ಕೊಡು" ಎಂದು ಯಂತ್ರದ ಮುಂದೆ ಕೂರಿಸಿದರು. ನಾನು ತುಳಿಯುತ್ತೇನೆ, ಅವರು ಪಕ್ಕದ ಸ್ಟೂಲಿನಿಂದ ಬಟ್ಟೆ ನಡೆಸುತ್ತಾರೆ. "ಮೆಲ್ಲಗೆ ತುಳಿಯೇ ತಾಯಿ, ಇದು ಅಂಗಿ ತೋಳು, ರೇಸ್ ಅಲ್ಲ!" ದಿನಕ್ಕೆ ನೂರು ಸಲ.

ಮೂರು ವಾರ ಕಳೆದ ಮೇಲೆ ನಿಧಾನವಾಗಿ ಕಾಲು ಆಡಿಸಬಹುದಂತೆ. ಒತ್ತದೆ ಆಡಿಸಬಲ್ಲವರು ನನಗೆ ಗೊತ್ತಿರುವಂತೆ ನೀನೊಬ್ಬಳೇ. ಇದನ್ನು ಬರೆಯಲು ಹಲ್ಲು ಕಚ್ಚಬೇಕಾಯಿತು. ಬಾ. ನನ್ನ ಮೇಲಿನ ಸಿಟ್ಟನ್ನು ಅವರ ಕಾಲಿನ ಮೇಲೆ ತೀರಿಸಬೇಡ. ನನಗೆ ಬುದ್ಧಿ ಹೇಳದೆ ನಿನಗೆ ಇರಲಾಗದಿದ್ದರೆ ಅವರ ಎದುರಿಗೆ ಮಾತ್ರ ಬೇಡ. ಇಬ್ಬರೂ ಒಂದಾದರೆ ನಾನು ಬದುಕುವುದು ಕಷ್ಟ.

ಇನ್ನೂ ಮುನಿಸಿನಲ್ಲೇ ಇರುವ,
ನಿನ್ನ ಬುಗುರಿ

ತಾ.ಕ.: ಮರೆತದ್ದಲ್ಲ, ಬರೆಯಲಾಗಿರಲಿಲ್ಲ. ನಾನು ಒತ್ತುವಾಗ ಆಂಟಿ ಎರಡು ಸಲ "ಸಾಕು" ಎಂದಿದ್ದರು. ನನಗೆ ಕೇಳಿಸಿಲ್ಲವೆಂದೇ ಅವರು ತಿಳಿದಿದ್ದಾರೆ. ಕೇಳಿಸಿತ್ತು. ಇವತ್ತು ಸಂಜೆ ಅವರಿಗೆ ಹೇಳುತ್ತೇನೆ. ನಿನಗೆ ಹೇಳಬೇಕಾದದ್ದು ಬೇರೆ: ನೀನು ಆರು ತಿಂಗಳಲ್ಲಿ ಮೊಣಕಾಲಿಗೆ ಮುಟ್ಟಿಸುವ ಹಣೆಯನ್ನು ನಾನು ಆರು ವಾರದಲ್ಲಿ ಮುಟ್ಟಿಸಿ, ಫೋಟೋ ತೆಗೆದು ನಿನಗೆ ಕಳುಹಿಸಬೇಕೆಂದಿದ್ದೆ.