ಮದ್ದಿನ ಹೆಸರಿನ ಮುಂದಿನ ಮೂರಕ್ಷರ

ಪ್ರೀತಿಯ ಅಕ್ಕ,

ಬೆಳಗಿನ ಜಾವ ಮೂರು ಗಂಟೆ. ಕೆಳಗೆ ನೀರಿನ ಟ್ಯಾಂಕರ್ ರಿವರ್ಸ್ ಬರುವ ಕೀಂ ಕೀಂ ಸದ್ದಿಗೆ ಎಚ್ಚರವಾಯಿತು. ಎಚ್ಚರವೇನು, ನಿದ್ದೆಯೇ ಎಲ್ಲಿತ್ತು? ವಾದಿ ಕಬೀರಿನ ಈ ಗಲ್ಲಿಗೆ ಬಂದಾಗಲೆಲ್ಲ ನೀನೂ ಅದಕ್ಕೆ ಶಾಪ ಹಾಕುತ್ತಿದ್ದೆ.

ಬೆಳಿಗ್ಗೆ ರೋಹನನ ಆಪರೇಷನ್. ಫಿನ್‌ಲ್ಯಾಂಡಿನಲ್ಲಿ ಮೊದಲ ಸಲ ಕಿಡ್ನಿಯ ಆಪರೇಷನ್ ಆದಾಗ ಅರಿವಳಿಕೆ ಕೊಟ್ಟ ಮೇಲೆ ಮಗು ನೀಲಿಗಟ್ಟಿತ್ತಲ್ಲ, ಆ ರಿಪೋರ್ಟನ್ನು ಇಲ್ಲಿಯ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದಾರೆ. ಇವರ ಟ್ರೈನಿಂಗ್ ಎಂದು ಎರಡು ವರ್ಷ ಅಲ್ಲಿದ್ದು ನಾನು ಕಲಿತ ಫಿನ್ನಿಷ್ ಹಾಲಿಗೆ, ಬಸ್ಸಿಗೆ ಸಾಕು. ಆ ಡಾಕ್ಟರುಗಳೋ, ಇಡೀ ಪದ ಬರೆದರೆ ಕೈ ಸವೆದೀತು ಎಂಬಂತೆ ಎರಡಕ್ಷರ, ಒಂದು ಚುಕ್ಕಿ!

ನೆನಪಿದೆಯಾ, ಮಸ್ಕತ್ತಿಗೆ ಬಂದ ಹೊಸತರಲ್ಲಿ ಮೊದಲ ರಿಪೋರ್ಟನ್ನು ಇಂಗ್ಲಿಷಿಗೆ ಇಳಿಸಲು ಇಬ್ಬರೂ ಊಟದ ಮೇಜಿನಲ್ಲಿ ಕೂತದ್ದು? ಆರ್‌ಆರ್ ಎಂದಿತ್ತು. ಉಸಿರಾಟದ ವೇಗ ಎಂದು ಬರೆದೆ. ನೀನು ಬಿದ್ದು ಬಿದ್ದು ನಕ್ಕೆ. "ಉಸಿರಿಗೆ ಮೇಲೊಂದು, ಕೆಳಗೊಂದು ನಂಬರ್ ಇರ್ತದಾ ಮಾರಾಯ್ತಿ? ಅದು ಬಿ.ಪಿ!" ಆಮೇಲೆ ನಿನ್ನ ನರ್ಸ್ ದನಿ ಬಂತು. "ಗೊತ್ತಿಲ್ಲದ್ದನ್ನು ಬಿಡಿಸ್ಬೇಡ. ಇದ್ದ ಹಾಗೇ ಇಳಿಸು. ಪಕ್ಕದಲ್ಲಿ ಅರ್ಥ ಆಗಲಿಲ್ಲ ಅಂತ ಬರಿ. ಬರೆದವರನ್ನೇ ಕೇಳು."

ಕೇಳುವುದು ಯಾರನ್ನು? ಮದ್ದಿನ ಹೆಸರಿನ ಮುಂದೆ ಪೆನ್ನಿನಲ್ಲಿ ಗೀಚಿದ ಮೂರಕ್ಷರ. ಮತ್ತೆ ಕೊಡಬಹುದು ಎಂದೋ, ಕೊಡಲೇಬಾರದು ಎಂದೋ... ಯಾವ ಡಿಕ್ಷನರಿಯಲ್ಲೂ ಇಲ್ಲ. ಫ್ಯಾಕ್ಸ್ ಮಾಡೋಣವೆಂದರೆ ಗುರುವಾರ, ಶುಕ್ರವಾರ ಇಲ್ಲಿ ಆಫೀಸಿಗೆ ರಜೆ. ಶನಿವಾರ ಇಲ್ಲಿ ಬಾಗಿಲು ತೆರೆದರೆ ಅಲ್ಲಿ ಮುಚ್ಚಿದೆ! ಎರಡು ದೇಶಕ್ಕೆ ಒಂದೇ ಭಾನುವಾರ ಇದ್ದರೆ ಯಾರ ಗಂಟು ಹೋಗುತ್ತಿತ್ತು?

ನಿನ್ನೆ ಸಂಜೆ ಸೂರ್ ಊರಿನ ಸೈಟಿನಿಂದ ಇವರ ಫೋನ್. "ಏನಾದ್ರೂ ಬರೆದು ಕೊಡು, ಖಲಾಸ್. ಡಾಕ್ಟರಿಗೆ ಗೊತ್ತಾಗ್ತದೆ."

"ನಿಮ್ಮ ಪೈಪಿನ ಡ್ರಾಯಿಂಗಿನಲ್ಲಿ ಗುರುತು ಅರ್ಥ ಆಗದಿದ್ರೆ ಏನಾದ್ರೂ ಒಂದು ವಾಲ್ವ್ ಕೂರಿಸ್ತೀರಾ?"

ಆ ಕಡೆ ಗಾಡಿಯ ಕೀಲಿ ಎತ್ತಿಕೊಂಡ ಸದ್ದು. ಆಮೇಲೆ, "ಈಗಲೇ ಹೊರಡ್ತೇನೆ" ಎಂದರು.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ರಾತ್ರಿ ಫಿನ್‌ಲ್ಯಾಂಡಿನ ಆ ಆಸ್ಪತ್ರೆಯ ವಾರ್ಡಿಗೆ ನಾನೇ ಫೋನ್ ಹಚ್ಚಿದೆ. ನನ್ನ ಹರಕು ಫಿನ್ನಿಷ್ ಕೇಳಿಸಿಕೊಂಡವಳು ಒಬ್ಬ ನರ್ಸ್. ಅದು ಅರಿವಳಿಕೆ ಡಾಕ್ಟರರ ಸ್ವಂತ ಗುರುತಂತೆ, ಅವರು ಯಾವುದೋ ಸರೋವರದ ಬದಿಯ ಮನೆಗೆ ರಜೆಗೆ ಹೋಗಿದ್ದಾರಂತೆ. "ಊಹೆ ಮಾಡಿ ಹೇಳಲಾರೆ, ಅವರನ್ನು ಹುಡುಕಿಸ್ತೇನೆ" ಎಂದಳು. ನಿನ್ನದೇ ದನಿ ಅಕ್ಕ. ಮೊದಲು ಅವಳನ್ನು ಮನಸ್ಸಿನಲ್ಲೇ ಬೈದುಕೊಂಡೆ, ಆಮೇಲೆ ಅತ್ತುಬಿಟ್ಟೆ.

ಮೂರಕ್ಷರವನ್ನು ಇದ್ದ ಹಾಗೇ ಇಳಿಸಿದ್ದೇನೆ. ಪಕ್ಕದಲ್ಲಿ ನೀನು ಹೇಳಿದ್ದನ್ನೇ ಬರೆದಿದ್ದೇನೆ. ಉತ್ತರ ಬಾರದೆ ಮಗುವನ್ನು ಒಳಗೆ ಬಿಡುವುದಿಲ್ಲ, ಯಾರು ಬೇಕಾದರೂ ಬೈಯಲಿ. ಆದರೆ ಮುಂದಕ್ಕೆ ಹಾಕಿದರೆ ಮತ್ತೆ ಜ್ವರ, ಮತ್ತೆ ಆ ಕಿಡ್ನಿ... ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಈ ಕಾಗದ ಅಷ್ಟರಲ್ಲಿ ನಿನಗೆ ಮುಟ್ಟದು, ಗೊತ್ತು. ಆದರೂ ಅವಳಾದರೂ ಮಾಡಲಿ, ನೀನಾದರೂ ಮಾಡು. ಬೆಳಗಾಗುವುದರೊಳಗೆ ಒಂದೇ ಒಂದು ಫೋನ್, ಅಕ್ಕ. ಮೊದಲ ರಿಂಗಿಗೇ ಎತ್ತುತ್ತೇನೆ.